ಹಲಗೆ ಹೇಳುವ ಲೆಕ್ಕ

ಜಪಾನೀ ಭಾಷೆಯಲ್ಲಿ ‘ಕಾನ್‌ಬಾನ್’ ಎಂದರೆ ಫಲಕ. ಟೊಯೋಟಾ ಕಾರಖಾನೆಯ ತಾಯಿಚಿ ಓನೊ ಅವರು, ಮಾರಿಹೋದಷ್ಟೇ ಸರಕನ್ನು ಮತ್ತೆ ತುಂಬುವ ಅಮೆರಿಕದ ಸೂಪರ್ ಮಾರ್ಕೆಟ್ಟುಗಳ ಕ್ರಮವನ್ನು ಅನುಸರಿಸಿ, 1950ರ ದಶಕದಲ್ಲಿ ಚೀಟಿಗಳ ಪದ್ಧತಿಯನ್ನು ತಂದರು. ಮುಂದಿನ ವಿಭಾಗದಿಂದ ಚೀಟಿ ಬಾರದೆ ಬಿಡಿಭಾಗ ತಯಾರಿಸುವಂತಿಲ್ಲ. ಈ ಶತಮಾನದಲ್ಲಿ ಅದೇ ಕ್ರಮ ಕಂಪ್ಯೂಟರ್ ಕಚೇರಿಗಳ ಗೋಡೆಯೇರಿತು.

ನಮ್ಮ ಊರಿನ ಸಂಘಗಳಿಗೂ ಇದು ಒಗ್ಗುವ ವಿದ್ಯೆಯೆಂದು ನಾವು ಬಲ್ಲೆವು. ಹಲಗೆಯಲ್ಲಿ ಮೂರು ಅಂಕಣ: ಆಗಬೇಕಾದುದು, ಆಗುತ್ತಿರುವುದು, ಆದುದು. ಕೆಲಸಕ್ಕೊಂದು ಚೀಟಿ, ಚೀಟಿಗೊಂದು ಹೆಸರು. ನಡುವಿನ ಅಂಕಣಕ್ಕೆ ಮೂರೇ ಚೀಟಿಯೆಂದು ಮಿತಿಯಿಟ್ಟರೆ, ಒಂದು ಮುಗಿಯದೆ ಇನ್ನೊಂದನ್ನು ಕೈಗೆತ್ತಿಕೊಳ್ಳುವಂತಿಲ್ಲ. ವಾಚನಾಲಯದ ಅನುದಾನದ ಅರ್ಜಿ ಯಾರ ಚೀಲದಲ್ಲಿ ಉಳಿಯಿತೆಂದು ಗಡುವು ಕಳೆದ ಮೇಲೆ ಹುಡುಕುವುದಕ್ಕಿಂತ, ಮೊದಲೇ ಎಲ್ಲರ ಕಣ್ಣಿಗೆ ಬೀಳುವುದು ಲೇಸಲ್ಲವೆ?