ಗೇಟಿನೊಳಗೆ ಬಂದವರು ಯಾರು? ಗುತ್ತಿಗೆಯವರ ಪೂರ್ವಾಪರ: ತಪ್ಪು ಕಲ್ಪನೆ ಮತ್ತು ವಾಸ್ತವ

ದೇವನಹಳ್ಳಿಯ ವಿಮಾನ ನಿಲ್ದಾಣದ ಭದ್ರತಾ ವಲಯದಲ್ಲಿ ನೆಲ ಒರೆಸುವ ಗುತ್ತಿಗೆ ಕಾರ್ಮಿಕನಿಗೂ ಪೂರ್ವಾಪರ ಪರಿಶೀಲನೆ ಆಗದೆ ಪ್ರವೇಶದ ಪಾಸ್ ಸಿಗುವುದಿಲ್ಲ. ಅವನ ಸಂಬಳ ಯಾರು ಕೊಡುತ್ತಾರೆ ಎಂಬ ಪ್ರಶ್ನೆ ಅಲ್ಲಿ ಬರುವುದೇ ಇಲ್ಲ. ಅದೇ ರಸ್ತೆಯಲ್ಲಿ ಹಿಂದೆ ಬನ್ನಿ. ಯಲಹಂಕ, ಹೆಬ್ಬಾಳ, ಆರ್.ಟಿ. ನಗರ, ಯಶವಂತಪುರ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ಈ ಭಾಗದಲ್ಲಿ ಕಚೇರಿ, ಆಸ್ಪತ್ರೆ, ಶಾಲೆ, ಗೋದಾಮು ಎಷ್ಟು ಬೆಳೆದವೋ, ಅವನ್ನು ನಡೆಸುವ ಗುತ್ತಿಗೆಯವರೂ ಅಷ್ಟೇ ಹೆಚ್ಚಿದರು. ಕ್ಯಾಬ್ ಚಾಲಕ, ಸೆಕ್ಯುರಿಟಿ, ಹೌಸ್‌ಕೀಪಿಂಗ್, ಎಸಿ ರಿಪೇರಿಯವರು, ವಾರಕ್ಕೆರಡು ದಿನ ಬರುವ ಅಕೌಂಟೆಂಟ್, ಮನೆಯಿಂದಲೇ ಕೋಡ್ ಬರೆಯುವ ಫ್ರೀಲಾನ್ಸರ್. ಇವರ ವಿಷಯದಲ್ಲಿ ಮಾಲೀಕರನ್ನು, ಮ್ಯಾನೇಜರುಗಳನ್ನು ಕೇಳಿದರೆ ಬರುವ ಉತ್ತರಗಳು ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಅವುಗಳಲ್ಲಿ ಕೆಲವನ್ನು ಒಂದೊಂದಾಗಿ ನೋಡೋಣ.

“ಅವರು ನಮ್ಮ ನೌಕರರೇ ಅಲ್ಲ. ಏನಾದರೂ ಆದರೆ ಕಾಂಟ್ರಾಕ್ಟರ್ ತಲೆಗೆ.”

ಇದಕ್ಕೆ ಬೆಂಗಳೂರಿನಲ್ಲೇ ಉತ್ತರ ಸಿಕ್ಕು ಎಷ್ಟೋ ವರ್ಷವಾಯಿತು. 2005ರ ಡಿಸೆಂಬರ್ 13. ಎಚ್‌ಪಿ ಗ್ಲೋಬಲ್‌ಸಾಫ್ಟ್ ಕಂಪನಿಯ ಕಾಲ್ ಸೆಂಟರಿನ ಯುವತಿಯೊಬ್ಬರು ಬೆಳಕು ಹರಿಯುವ ಮುಂಚಿನ ಪಾಳಿಗೆ ಹೊರಟರು. ಅವರನ್ನು ಕರೆದೊಯ್ಯಲು ಗೊತ್ತುಮಾಡಿದ್ದ ಚಾಲಕ ಒಬ್ಬ, ಬಂದವನು ಇನ್ನೊಬ್ಬ. ಈ ದಿನ ನಿಮ್ಮ ಪಿಕಪ್ ನನ್ನದು ಎಂದು ನಂಬಿಸಿ ಹತ್ತಿಸಿಕೊಂಡವನು ಅವರ ಮೇಲೆ ಅತ್ಯಾಚಾರ ಎಸಗಿ ಕೊಂದ. 2010ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು.

ವ್ಯವಹಾರ ನಡೆಸುವವರು ಗಮನಿಸಬೇಕಾದದ್ದು ಈ ಕಥೆಯ ಇನ್ನೊಂದು ಎಳೆಯನ್ನು. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961ರ 25ನೇ ಕಲಮಿನಲ್ಲಿ ಮಹಿಳೆಯರ ರಾತ್ರಿ ಪಾಳಿಗೆ ನಿರ್ಬಂಧ ಇತ್ತು. ಐಟಿ ಕಂಪನಿಗಳಿಗೆ ವಿನಾಯಿತಿ ಕೊಟ್ಟಾಗ ಸಾರಿಗೆ ಮತ್ತು ಭದ್ರತೆಯ ಷರತ್ತು ಹಾಕಲಾಗಿತ್ತು. ಆ ಷರತ್ತು ಪಾಲನೆಯಾಗಿಲ್ಲ ಎಂದು ಕಾರ್ಮಿಕ ಇಲಾಖೆ ದೂರು ಹೂಡಿದ್ದು ಕಂಪನಿಯ ಅಂದಿನ ಮುಖ್ಯಸ್ಥ ಸೋಮ್ ಮಿತ್ತಲ್ ಅವರ ಮೇಲೆ. ದೂರು ರದ್ದು ಮಾಡಿ ಎಂದು ಅವರು ಹೈಕೋರ್ಟಿಗೆ ಹೋದರು, ಅಲ್ಲಿ ಆಗಲಿಲ್ಲ. ಸುಪ್ರೀಂ ಕೋರ್ಟ್ ಕೂಡ 2008ರಲ್ಲಿ ಒಪ್ಪಲಿಲ್ಲ. ಅವರು ತಪ್ಪಿತಸ್ಥರೆಂದು ಆ ತೀರ್ಪು ಹೇಳಿಲ್ಲ, ಅದನ್ನು ಸ್ಪಷ್ಟಪಡಿಸಬೇಕು. ಆದರೆ ಕಂಪನಿಯ ಮುಖ್ಯಸ್ಥರು ಕ್ರಿಮಿನಲ್ ದೂರೊಂದರಿಂದ ಬಿಡಿಸಿಕೊಳ್ಳಲು ಸುಪ್ರೀಂ ಕೋರ್ಟಿನ ತನಕ ಓಡಾಡಬೇಕಾಯಿತಲ್ಲ, ಅದೂ ತಮ್ಮ ನೌಕರನೇ ಅಲ್ಲದ ಚಾಲಕನೊಬ್ಬನ ಕೃತ್ಯದ ನಂತರ! ‘ಕಾಂಟ್ರಾಕ್ಟರ್ ತಲೆಗೆ’ ಎನ್ನುವವರು ಇದಿಷ್ಟನ್ನು ನೆನಪಿಟ್ಟುಕೊಂಡರೂ ಸಾಕು.

ಸ್ವತಂತ್ರ ಗುತ್ತಿಗೆದಾರನ ತಪ್ಪಿಗೆ ಕೆಲಸ ಕೊಟ್ಟವರು ಸಾಮಾನ್ಯವಾಗಿ ಹೊಣೆಯಲ್ಲ ಎಂಬ ತತ್ವ ಕಾನೂನಿನಲ್ಲಿ ಇರುವುದು ನಿಜ. ಆದರೆ ಕಾನೂನು ನಿಮ್ಮ ಮೇಲೆಯೇ ಹೊರಿಸಿದ ಕರ್ತವ್ಯವನ್ನು ಬಿಲ್ಲಿನ ಜೊತೆ ಏಜೆನ್ಸಿಗೆ ದಾಟಿಸಲು ಬರುವುದಿಲ್ಲ. ಕೆಲಸದ ಸ್ಥಳದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯನ್ನೇ ತೆಗೆದುಕೊಳ್ಳಿ. ಅದರ ‘ನೌಕರ’ ಎಂಬ ವ್ಯಾಖ್ಯೆಯಲ್ಲಿ ಗುತ್ತಿಗೆ ಮೂಲಕ ಬಂದವರೂ ಸೇರುತ್ತಾರೆ. ಸಂಸ್ಥೆ ಒದಗಿಸುವ ವಾಹನವೂ ‘ಕೆಲಸದ ಸ್ಥಳ’ವೇ.

“ಏಜೆನ್ಸಿಯವರು ಎಲ್ಲಾ ನೋಡಿಯೇ ಕಳಿಸಿರ್ತಾರೆ.”

ಬೆಳಗ್ಗೆ ಆರೂವರೆಗೆ ಈ ಭಾಗದ ಯಾವುದಾದರೂ ದೊಡ್ಡ ಕಟ್ಟಡದ ಹಿಂಬದಿ ಗೇಟಿನಲ್ಲಿ ನಿಂತು ನೋಡಿ. ಟೆಂಪೊ ಟ್ರಾವೆಲರ್ ಬಂದು ಹೌಸ್‌ಕೀಪಿಂಗ್‌ನವರನ್ನು ಇಳಿಸುತ್ತದೆ. ಒಬ್ಬ ಹುಡುಗನ ಕೊರಳಲ್ಲಿರುವ ಕಾರ್ಡಿನ ಫೋಟೊಗೂ ಅವನ ಮುಖಕ್ಕೂ ಹೊಂದಿಕೆ ಇಲ್ಲ. ಗಾರ್ಡ್ ಕೇಳಿದರೆ ಸೂಪರ್‌ವೈಸರ್ ಮುಂದೆ ಬಂದು, “ಅವನು ಊರಿಗೆ ಹೋದ ಸಾರ್, ಇವನು ಅವನ ಚಿಕ್ಕಪ್ಪನ ಮಗ. ಇವತ್ತೊಂದಿನ ಬದಲಿ” ಎನ್ನುತ್ತಾನೆ. ಹಳೆ ಹುಡುಗನ ಹೆಸರಿಗೇ ಟಿಕ್ ಬೀಳುತ್ತದೆ. ‘ಇವತ್ತೊಂದಿನ’ ಎಂಬುದು ತಿಂಗಳುಗಟ್ಟಲೆ ನಡೆದರೂ ಕೇಳುವವರಿಲ್ಲ.

ಇಲ್ಲಿ ಯಾರೂ ಕಳ್ಳರಲ್ಲ. ಹುಡುಗನಿಗೆ ಕೆಲಸ ಬೇಕು, ಸೂಪರ್‌ವೈಸರ್‌ಗೆ ತಲೆ ಎಣಿಕೆ ಸರಿಹೋಗಬೇಕು. ಆದರೆ ಏಜೆನ್ಸಿ ಪರಿಶೀಲಿಸಿದ್ದು ಊರಿಗೆ ಹೋದವನನ್ನು, ಸರ್ವರ್ ರೂಮಿನ ನೆಲ ಒರೆಸುತ್ತಿರುವವನನ್ನಲ್ಲ. 2005ರಲ್ಲಿ ಆದದ್ದೂ ಇದೇ: ಪಟ್ಟಿಯಲ್ಲಿದ್ದವನೊಬ್ಬ, ಬಂದವನೊಬ್ಬ. ನನ್ನನ್ನು ಕೇಳಿದರೆ ಪೂರ್ವಾಪರ ಪರಿಶೀಲನೆಯ ಅರ್ಧ ಕೆಲಸ ಈ ಗೇಟಿನಲ್ಲೇ ಇದೆ. ಕಂತೆಗಟ್ಟಲೆ ಕಾಗದ ತರಿಸಿಕೊಂಡೂ ಬಂದವನ ಮುಖ ನೋಡದಿದ್ದರೆ ಆ ಕಾಗದಕ್ಕೆ ಬೆಲೆಯಿಲ್ಲ.

ಏಜೆನ್ಸಿ ತನ್ನ ಕೆಲಸವನ್ನು ಇನ್ನೊಬ್ಬರಿಗೆ ಉಪಗುತ್ತಿಗೆ ಕೊಟ್ಟಿದೆಯೇ ಎಂದೂ ಕೇಳಬೇಕು. ಎರಡನೇ ಕೈಗೆ ಹೋದ ಮೇಲೆ ಯಾರು ಯಾರನ್ನು ನೋಡಿದರು ಎಂಬುದು ಯಾರಿಗೂ ಗೊತ್ತಿರುವುದಿಲ್ಲ. ಸೆಕ್ಯುರಿಟಿ ಏಜೆನ್ಸಿಯಾದರೆ ಖಾಸಗಿ ಭದ್ರತಾ ಏಜೆನ್ಸಿಗಳ ಕಾಯ್ದೆ, 2005ರ ಅಡಿ ಲೈಸೆನ್ಸ್ ಇರಲೇಬೇಕು, ಗಾರ್ಡುಗಳ ಪೂರ್ವಾಪರವನ್ನು ನೋಡಿಯೇ ನೇಮಿಸಬೇಕು. ಲೈಸೆನ್ಸ್ ತೋರಿಸಿ ಎಂದು ಕೇಳಲು ಸಂಕೋಚ ಯಾಕೆ?

“ಆಧಾರ್ ಜೆರಾಕ್ಸ್ ಇಟ್ಕೊಂಡಿದೀವಲ್ಲ.”

ಜೆರಾಕ್ಸ್ ಯಾರದ್ದು ಬೇಕಾದರೂ ಆಗಬಹುದು, ಅದರ ಮೇಲಿನ ಫೋಟೊ ಇದ್ದಿಲಿನಷ್ಟು ಕಪ್ಪಗಿರುತ್ತದೆ. ಆಧಾರ್ ಪತ್ರದಲ್ಲಿರುವ ಕ್ಯೂಆರ್ ಕೋಡಿಗೆ ಡಿಜಿಟಲ್ ಸಹಿ ಇದೆ. ಆಧಾರ್ ಪ್ರಾಧಿಕಾರದ ಆ್ಯಪ್‌ನಲ್ಲಿ ಸ್ಕ್ಯಾನ್ ಮಾಡಿದರೆ ತಿದ್ದಿದ ಕಾರ್ಡು ಅಲ್ಲೇ ಸಿಕ್ಕಿಬೀಳುತ್ತದೆ. ಹಾಗೆಂದು ಆಧಾರನ್ನೇ ಕೊಡು ಎಂದು ಪಟ್ಟು ಹಿಡಿಯುವಂತಿಲ್ಲ. ಖಾಸಗಿಯವರು ಅದನ್ನು ಕಡ್ಡಾಯ ಮಾಡಲು ದಾರಿಯಾಗಿದ್ದ ಆಧಾರ್ ಕಾಯ್ದೆಯ 57ನೇ ಕಲಮಿನ ಭಾಗವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ರದ್ದುಪಡಿಸಿತು. ಕೆಲಸಕ್ಕೆ ಬಂದವನು ತಾನಾಗಿ ಕೊಟ್ಟರೆ ಸರಿ, ಇಲ್ಲವಾದರೆ ಬೇರೆ ಗುರುತಿನ ಚೀಟಿ ಸಾಕು. ಚಾಲಕರ ಡಿಎಲ್ ಅಸಲಿಯೇ, ಅವಧಿ ಮುಗಿದಿದೆಯೇ ಎಂಬುದನ್ನು ಪರಿವಾಹನ್ ಪೋರ್ಟಲ್‌ನಲ್ಲಿ ಕೂತಲ್ಲೇ ನೋಡಬಹುದು.

ಇನ್ನು ಡ್ರಾಯರಿನಲ್ಲಿ ತುಂಬಿಟ್ಟ ಆ ಜೆರಾಕ್ಸ್ ಕಂತೆ. ಅದೂ ಒಂದು ಹೊಣೆಯೇ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲಿ ಬಂತು, ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಮುಖ್ಯ ಕರ್ತವ್ಯಗಳಿಗೆ 18 ತಿಂಗಳ ಗಡುವಿದೆ. ಕಾಗದವನ್ನು ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಿದರೆ ಈ ಕಾನೂನು ಅನ್ವಯಿಸುತ್ತದೆ. ಯಾವ ವಿವರ, ಯಾತಕ್ಕೆ ಎಂದು ತಿಳಿಸಿ ಒಪ್ಪಿಗೆ ಪಡೆಯಬೇಕು, ಆ ತಿಳಿವಳಿಕೆ ಕನ್ನಡದಲ್ಲಿ ಬೇಕೆಂದರೆ ಕನ್ನಡದಲ್ಲೇ ಕೊಡಬೇಕು. ದತ್ತಾಂಶವನ್ನು ಸರಿಯಾಗಿ ಕಾಯದಿದ್ದರೆ ದಂಡ 250 ಕೋಟಿ ರೂಪಾಯಿವರೆಗೂ ಹೋಗಬಹುದು. ಕೆಲಸ ಬಿಟ್ಟುಹೋದವರ ಪ್ರತಿಗಳನ್ನು ಇಟ್ಟುಕೊಂಡು ಯಾವ ಪುರುಷಾರ್ಥವೂ ಇಲ್ಲ.

“ಪೊಲೀಸ್ ವೆರಿಫಿಕೇಷನ್ ಆಯ್ತು ಅಂದ್ರೆ ಮುಗೀತು.”

ಮುಗಿಯುವುದಿಲ್ಲ. ಸೇವಾ ಸಿಂಧು ಮೂಲಕ ಅರ್ಜಿ ಹಾಕಿ ಪೊಲೀಸ್ ಪರಿಶೀಲನಾ ಪ್ರಮಾಣಪತ್ರ ಪಡೆಯುವ ಸೌಲಭ್ಯ ಒಳ್ಳೆಯದೇ, ಬಳಸಬೇಕು. ಆದರೆ ಅದರಿಂದ ಏನು ಗೊತ್ತಾಗುತ್ತದೆ, ಏನು ಗೊತ್ತಾಗುವುದಿಲ್ಲ ಎಂಬ ತಿಳಿವಳಿಕೆ ಬೇಕು.

ಮೊದಲನೆಯದಾಗಿ, ಕೈಗೆ ಬಂದ ಪ್ರಮಾಣಪತ್ರ ಅಸಲಿಯೇ? 2014ರ ಡಿಸೆಂಬರಿನಲ್ಲಿ ದೆಹಲಿಯಲ್ಲಿ ಪ್ರಯಾಣಿಕಳ ಮೇಲೆ ಅತ್ಯಾಚಾರ ಎಸಗಿದ ಊಬರ್ ಚಾಲಕನ ಬಳಿ ದೆಹಲಿ ಪೊಲೀಸರ ಹೆಸರಿನ ನಡತೆ ಪ್ರಮಾಣಪತ್ರವಿತ್ತು. ಅದು ನಕಲಿ. ಹಿಂದೆಯೂ ಅಂಥದೇ ಆರೋಪ ಎದುರಿಸಿದ್ದವನು ಅವನು. ಕಾಗದವನ್ನು ಅವನ ಕೈಯಿಂದಲೇ ಪಡೆದು ಫೈಲಿಗೆ ಸೇರಿಸಿದರೆ ಹೀಗಾಗುತ್ತದೆ. ಪ್ರಮಾಣಪತ್ರ ನೀಡಿದ ಪೊಲೀಸರನ್ನೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಎರಡನೆಯದಾಗಿ, ಠಾಣೆಯ ದಾಖಲೆಯಲ್ಲಿ ಅಪರಾಧ ಕಾಣಿಸುತ್ತದೆ, ಸಾಲ ಕಾಣಿಸುವುದಿಲ್ಲ. 2019ರ ಜುಲೈ ಕೊನೆಯಲ್ಲಿ ಬಾಗಲೂರು ಕಡೆ, ವಿಮಾನ ನಿಲ್ದಾಣದ ಕಾಂಪೌಂಡ್ ಬಳಿ ಕೋಲ್ಕತ್ತದ ಯುವತಿಯೊಬ್ಬರ ಶವ ಸಿಕ್ಕಿತು. ಆ ಪ್ರಕರಣದಲ್ಲಿ ಪೊಲೀಸರು ಬಂಧಿಸಿದ್ದು ಆ್ಯಪ್ ಟ್ಯಾಕ್ಸಿ ಚಾಲಕನನ್ನು, ಅವರು ಹೇಳಿದ ಕಾರಣ ಹಣದ ಅಡಚಣೆ. ಸಾಲ ಇದ್ದವರೆಲ್ಲ ಕೊಲೆಗಡುಕರೇ? ಖಂಡಿತ ಅಲ್ಲ, ಹಾಗಾಗಿದ್ದರೆ ನಮ್ಮೂರಲ್ಲಿ ಕಾರಿನ ಕಂತು ಕಟ್ಟುವ ಯಾರನ್ನೂ ನಂಬುವಂತಿರಲಿಲ್ಲ. ಆದರೆ ಕೈಗೆ ಹಣ ಕೊಡುವ ಕೆಲಸದಲ್ಲಿ ಈ ಪ್ರಶ್ನೆ ಕೇಳಬೇಕಾಗುತ್ತದೆ. 2016ರ ನವೆಂಬರಿನಲ್ಲಿ, ನೋಟು ರದ್ದತಿಯ ಗಲಾಟೆಯ ನಡುವೆ, ಕೆಂಪೇಗೌಡ ರಸ್ತೆಯಲ್ಲಿ ನಿಂತಿದ್ದ ಹಣದ ವ್ಯಾನನ್ನು ಚಾಲಕನೇ ಓಡಿಸಿಕೊಂಡು ಹೋದ. ಒಳಗಿದ್ದದ್ದು 1.37 ಕೋಟಿ ರೂಪಾಯಿ. 2018ರಲ್ಲಿ ಕೇಂದ್ರ ಗೃಹ ಇಲಾಖೆ ನಗದು ಸಾಗಣೆಗೆ ತಂದ ನಿಯಮಗಳಲ್ಲಿ ಪೊಲೀಸ್ ಪರಿಶೀಲನೆ ಮಾತ್ರವಲ್ಲ, ವಾಸಸ್ಥಳ, ಹಿಂದಿನ ಮಾಲೀಕರ ಮಾತು, ಸಾಲದ ಇತಿಹಾಸ ಎಲ್ಲವನ್ನೂ ನೋಡಬೇಕೆಂದಿದೆ.

ಅಷ್ಟಾದರೂ 2025ರ ನವೆಂಬರಿನಲ್ಲಿ ಇದೇ ನಗರದಲ್ಲಿ ಆರ್‌ಬಿಐ ಅಧಿಕಾರಿಗಳೆಂದು ಹೇಳಿಕೊಂಡವರು ನಗದು ವಾಹನ ಅಡ್ಡಗಟ್ಟಿ 7.11 ಕೋಟಿ ರೂಪಾಯಿ ದೋಚಿದರು. ಬಂಧಿತ ಆರೋಪಿಗಳಲ್ಲಿ ಆ ನಗದು ಸಂಸ್ಥೆಯ ಮಾಜಿ ಉದ್ಯೋಗಿಯೂ ಇದ್ದ, ಗೋವಿಂದಪುರ ಠಾಣೆಯ ಕಾನ್‌ಸ್ಟೆಬಲ್ ಕೂಡ ಇದ್ದ. ಪೊಲೀಸ್ ಮುದ್ರೆಯೊಂದೇ ಸಾಕು ಎನ್ನುವವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಿಲ್ಲ. ಕೆಲಸ ಬಿಟ್ಟುಹೋದವರಿಗೆ ಎಷ್ಟು ಒಳಗುಟ್ಟು ಗೊತ್ತಿರುತ್ತದೆ ಎಂಬುದನ್ನೂ ಯೋಚಿಸಿ. ಕೀಲಿ, ಪಾಸ್‌ವರ್ಡ್, ಹಣ ಸಾಗುವ ಹಾದಿ ಮತ್ತು ಹೊತ್ತು, ಇವೆಲ್ಲ ಅವರು ಹೋದ ದಿನವೇ ಬದಲಾಗಬೇಕು.

“ಕೇಸ್ ಇದೆ ಅಂತ ಗೊತ್ತಾದ್ರೆ ಅಲ್ಲಿಗೇ ಬೇಡ.”

ಇದು ಮೇಲಿನದಕ್ಕೆ ತದ್ವಿರುದ್ಧ ತಪ್ಪು. ಎಫ್‌ಐಆರ್ ಎಂದರೆ ಶಿಕ್ಷೆಯಲ್ಲ. ಇ-ಕೋರ್ಟ್ಸ್ ತಾಣದಲ್ಲಿ ಹೆಸರು ಹಾಕಿ ಹುಡುಕಿದರೆ ಮಂಜುನಾಥ ಎಂಬ ಹೆಸರಿಗೆ ಎಷ್ಟು ಪ್ರಕರಣ ಬರುತ್ತವೋ ನೀವೇ ನೋಡಿ. ತಂದೆಯ ಹೆಸರು, ವಿಳಾಸ ಹೊಂದಿಸಿ ನೋಡದಿದ್ದರೆ ಯಾರ ಮೇಲೋ ಯಾರದೋ ಕೇಸು ಹೊರಿಸಿದಂತಾಗುತ್ತದೆ. 2016ರ ಅವತಾರ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸರ್ಕಾರಿ ನೌಕರಿಯ ಸಂದರ್ಭದಲ್ಲೇ, ಹರೆಯದಲ್ಲಿ ಘೋಷಣೆ ಕೂಗಿದಂಥ ಕ್ಷುಲ್ಲಕ ಪ್ರಕರಣಗಳನ್ನು ಕಡೆಗಣಿಸಬಹುದು ಎಂದಿದೆ. ಕುಡಿದು ವಾಹನ ಓಡಿಸಿದ ಪ್ರಕರಣ ಚಾಲಕನ ಮಟ್ಟಿಗೆ ದೊಡ್ಡ ವಿಷಯ, ಬಣ್ಣ ಬಳಿಯುವವನ ಮಟ್ಟಿಗೆ ಅಲ್ಲ. ವಂಚನೆ ಪ್ರಕರಣ ಅಕೌಂಟೆಂಟ್ ಮಟ್ಟಿಗೆ ದೊಡ್ಡದು. ಕೇಸು ಇರುವವನ ಮಾತನ್ನೂ ಕೇಳಿ. ಇನ್ನು ‘ಆ ರಾಜ್ಯದವರು ಬೇಡ’ ಎನ್ನುವುದಿದೆಯಲ್ಲ, ಅದು ಪರಿಶೀಲನೆಯಲ್ಲ, ಪೂರ್ವಗ್ರಹ.

ಹೀಗೆ ಏಕಾಏಕಿ ಕೈಬಿಡದಂತೆ ಆ್ಯಪ್ ಕಂಪನಿಗಳಿಗೆ ಈಗ ಕಾನೂನೇ ಇದೆ. 2025ರ ಕರ್ನಾಟಕ ಗಿಗ್ ಕಾರ್ಮಿಕರ ಕಾಯ್ದೆಯಂತೆ ಲಿಖಿತ ಕಾರಣ ಮತ್ತು 14 ದಿನಗಳ ನೋಟಿಸ್ ಇಲ್ಲದೆ ಕಾರ್ಮಿಕನನ್ನು ಸುಮ್ಮನೆ ತೆಗೆದುಹಾಕುವಂತಿಲ್ಲ.

“ನಮ್ಮದು ಸಣ್ಣ ವ್ಯಾಪಾರ, ಇದೆಲ್ಲ ದೊಡ್ಡ ಕಂಪನಿಗಳಿಗೆ.”

ಯಶವಂತಪುರದ ಎಪಿಎಂಸಿ ಯಾರ್ಡಿನವರು ಹೀಗೆ ಹೇಳಲಾರರು. 1966ರ ಎಪಿಎಂಸಿ ಕಾಯ್ದೆಯಲ್ಲಿ ವರ್ತಕರು, ದಲಾಲರು ಮಾತ್ರವಲ್ಲ, ಮೂಟೆ ಹೊರುವ ಹಮಾಲರು, ತೂಕ ಮಾಡುವವರೂ ಮಾರುಕಟ್ಟೆ ಸಮಿತಿಯಿಂದ ಲೈಸೆನ್ಸ್ ಪಡೆಯಬೇಕೆಂದಿದೆ. ಹಮಾಲ ಯಾರ ಸಂಬಳದ ಆಳೂ ಅಲ್ಲ. ಆದರೂ ಈರುಳ್ಳಿ, ಬೆಲ್ಲ ಮುಟ್ಟುವವನು ಯಾರೆಂದು ಮಾರುಕಟ್ಟೆಗೆ ಗೊತ್ತಿರಬೇಕು ಎಂಬ ವ್ಯವಹಾರಜ್ಞಾನ ಅದರ ಹಿಂದಿದೆ.

ಸಣ್ಣ ವ್ಯಾಪಾರಕ್ಕೆ ಅಪಾಯ ಬರುವುದು ಕಸ ಗುಡಿಸುವವರಿಂದಲ್ಲ. ಆರ್.ಟಿ. ನಗರದ ಒಂದು ಹಾರ್ಡ್‌ವೇರ್ ಅಂಗಡಿಯನ್ನು ಊಹಿಸಿಕೊಳ್ಳಿ. ವಾರಕ್ಕೆರಡು ಬಾರಿ ಬರುವ ಅಕೌಂಟೆಂಟ್ ಬಳಿ ಜಿಎಸ್‌ಟಿ ಲಾಗಿನ್ ಇದೆ, ನೆಟ್ ಬ್ಯಾಂಕಿಂಗ್ ಪಾಸ್‌ವರ್ಡ್ ಇದೆ, ಮಾಲೀಕರ ಡಿಜಿಟಲ್ ಸಹಿಯ ಟೋಕನ್ ಅವನ ಬ್ಯಾಗಿನಲ್ಲೇ ಓಡಾಡುತ್ತದೆ. ಒಟಿಪಿ ಕೇಳಿದಾಗ ಮಾಲೀಕರು ಫೋನಿನಲ್ಲೇ ಹೇಳುತ್ತಾರೆ. ಅವನು ಎಲ್ಲಿಂದ ಬಂದ ಎಂದರೆ ‘ಪಕ್ಕದಂಗಡಿಯವರು ಹೇಳಿದ್ರು’. ಪಕ್ಕದಂಗಡಿಯವರಿಗೆ ಯಾರು ಹೇಳಿದರೋ!

ನೋಡುವುದಕ್ಕೆ ಖರ್ಚೇನೂ ಇಲ್ಲ. ಚಾರ್ಟರ್ಡ್ ಅಕೌಂಟೆಂಟ್ ಎಂದು ಹೇಳಿಕೊಂಡರೆ ಅವರ ಸದಸ್ಯತ್ವವನ್ನು ಸಿಎಗಳ ಸಂಸ್ಥೆಯ ತಾಣದಲ್ಲಿ ನೋಡಬಹುದು, 2019ರಿಂದ ಅವರು ಕೊಡುವ ಪ್ರಮಾಣಪತ್ರಗಳ ಮೇಲೆ ಆಯಾ ದಾಖಲೆಯನ್ನು ಗುರುತಿಸುವ ಯುಡಿಐಎನ್ ಸಂಖ್ಯೆ ಕಡ್ಡಾಯ. ಗುತ್ತಿಗೆದಾರ ಕೊಟ್ಟ ಜಿಎಸ್‌ಟಿ ಸಂಖ್ಯೆ ಕರ್ನಾಟಕದ್ದಾದರೆ 29ರಿಂದ ಶುರುವಾಗುತ್ತದೆ, ಅದರ ಹಿಂದೆಯೇ ಪ್ಯಾನ್ ಸಂಖ್ಯೆ ಇರುತ್ತದೆ. ಪೋರ್ಟಲಿನಲ್ಲಿ ಹಾಕಿದರೆ ನೋಂದಣಿ ಜೀವಂತವಿದೆಯೋ ರದ್ದಾಗಿದೆಯೋ ತಿಳಿಯುತ್ತದೆ. ಊಟ ಪೂರೈಸುವವರ ಎಫ್‌ಎಸ್‌ಎಸ್‌ಎಐ ಸಂಖ್ಯೆಗೆ 14 ಅಂಕಿ. ಫ್ರೀಲಾನ್ಸ್ ಪ್ರೋಗ್ರಾಮರ್ ಆದರೆ ಹಿಂದೆ ಕೆಲಸ ಕೊಟ್ಟ ಇಬ್ಬರಿಗೆ ಫೋನ್ ಮಾಡಿ, ಆದರೆ ನಂಬರನ್ನು ಅವನಿಂದ ಪಡೆಯಬೇಡಿ, ಕಂಪನಿಯ ತಾಣದಿಂದ ನೀವೇ ಹುಡುಕಿಕೊಳ್ಳಿ. ಡಿಜಿಟಲ್ ಸಹಿಯ ಟೋಕನ್ ಮಾತ್ರ ಯಾರ ಬ್ಯಾಗಿಗೂ ಹೋಗಕೂಡದು.

ಮುಂದಿನ ಸಲ ಏಜೆನ್ಸಿಯ ಒಪ್ಪಂದ ನವೀಕರಿಸುವಾಗ ಮೂರು ಸಾಲು ಸೇರಿಸಿ: ಪಟ್ಟಿಯಲ್ಲಿ ಹೆಸರಿಲ್ಲದವರಿಗೆ ಪ್ರವೇಶವಿಲ್ಲ, ಬದಲಿ ಬರುವುದಿದ್ದರೆ ಹಿಂದಿನ ಸಂಜೆಯೇ ಫೋಟೊ, ಗುರುತಿನ ದಾಖಲೆ ಕಳಿಸಬೇಕು, ನಮ್ಮ ಲಿಖಿತ ಒಪ್ಪಿಗೆ ಇಲ್ಲದೆ ಉಪಗುತ್ತಿಗೆ ಕೂಡದು. ಏಜೆನ್ಸಿಯವರು ಗೊಣಗಬಹುದು, ಗೊಣಗಲಿ. ನವೀಕರಣಕ್ಕೆ ಇನ್ನೂ ಸಮಯವಿದ್ದರೆ ಅಲ್ಲಿಯತನಕ ದಿನಾ ಬೆಳಗ್ಗೆ ಒಬ್ಬರನ್ನು ಗೇಟಿನಲ್ಲಿ ನಿಲ್ಲಿಸಿ, ಕಾರ್ಡಿನ ಫೋಟೊಗೂ ಬಂದವರ ಮುಖಕ್ಕೂ ತಾಳೆ ನೋಡಲಿ.