ಹಿಂಗಾರಿನ ಜೊತೆ ಬಂದ ಅಡ್ಮಿರಲ್

ತಿಪಟೂರು ತಾಲ್ಲೂಕಿನ ಕೊನೇಹಳ್ಳಿಯಲ್ಲಿ ಅಮೃತ ಮಹಲ್ ರಾಸುಗಳ ತಳಿ ಕೇಂದ್ರವಿದೆ. ಬೂದು ಮೈ, ನೀಳ ಮುಖ, ಹಿಂದಕ್ಕೆ ಬಾಗಿ ತುದಿಯಲ್ಲಿ ಒಂದಕ್ಕೊಂದು ಹತ್ತಿರವಾಗುವ ಚೂಪು ಕೊಂಬು. ಅಪರಿಚಿತರನ್ನು ಸುಲಭಕ್ಕೆ ಹತ್ತಿರ ಬಿಟ್ಟುಕೊಳ್ಳದ ಜಾತಿ. ಮೈಸೂರು ಅರಸರ ಬೆಣ್ಣೆಚಾವಡಿಯ ದನಗಳು ಹೈದರಾಲಿಯ ಕಾಲಕ್ಕೆ ತೋಪಿನ ಗಾಡಿ ಎಳೆಯುವ ಪಡೆಯಾದವು. ಅಮೃತ ಮಹಲ್ ಎಂಬ ಹೆಸರಿಟ್ಟವನು ಟಿಪ್ಪು. ಈ ಎತ್ತುಗಳ ಓಟಕ್ಕೆ ಇಂಗ್ಲಿಷರ ದಂಡಿನ ಎತ್ತುಗಳು ಸಾಟಿಯಾಗುತ್ತಿರಲಿಲ್ಲ. 1780ರ ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಕರ್ನಲ್ ಬೈಲಿಯ ಸೈನ್ಯವನ್ನು ಹೈದರ್ ಮತ್ತು ಟಿಪ್ಪು ಮಣ್ಣುಮುಕ್ಕಿಸಿದರು.

ಅದಾಗಿ ಮೂರೇ ತಿಂಗಳಿಗೆ ಅದೇ ಹೈದರ್ ಮಂಗಳೂರಿನಲ್ಲಿ ತನ್ನ ಹಡಗುಗಳನ್ನು ಕಳೆದುಕೊಂಡ. ಎತ್ತು ಕಟ್ಟಿ ಎಳೆಯಲಾಗದ ಜಾಗದಲ್ಲಿ ಅವನಿಗೆ ಎದುರಾದವನು ಇಂಗ್ಲಿಷರ ಅಡ್ಮಿರಲ್ ಎಡ್ವರ್ಡ್ ಹ್ಯೂಸ್. ಹಳೇ ಮೈಸೂರಿನ ಚರಿತ್ರೆಯಲ್ಲಿ ಕಾರ್ನ್‌ವಾಲಿಸ್, ವೆಲ್ಲೆಸ್ಲಿಯರ ಹೆಸರು ಮಕ್ಕಳಿಗೂ ಗೊತ್ತು. ಹ್ಯೂಸ್‌ನನ್ನು ಬಲ್ಲವರು ಕಡಿಮೆ. ನನ್ನ ಮಟ್ಟಿಗೆ ಮೈಸೂರಿನ ಹಣೆಬರಹವನ್ನು ಅವರಿಬ್ಬರಿಗಿಂತ ಮೊದಲು ತಿದ್ದಿದವನು ಇವನೇ.

1735ರಲ್ಲಿ, ಇನ್ನೂ ಹುಡುಗನಾಗಿದ್ದಾಗ ನೌಕಾಪಡೆ ಸೇರಿದ ಹ್ಯೂಸ್ 1739ರ ಪೋರ್ಟೊ ಬೆಲ್ಲೊ ದಾಳಿಯಲ್ಲಿದ್ದ. ಕೆನಡಾದ ಲೂಯಿಬರ್ಗ್, ಕ್ವಿಬೆಕ್ ಮುತ್ತಿಗೆಗಳಲ್ಲಿ ಸಾಮರ್ಸೆಟ್ ಹಡಗಿನ ಕ್ಯಾಪ್ಟನ್ ಆಗಿದ್ದ. 1773ರಿಂದ ನಾಲ್ಕು ವರ್ಷ ಪೂರ್ವದೇಶದ ನೌಕಾಪಡೆಯ ದಂಡನಾಯಕನಾಗಿದ್ದು ಊರಿಗೆ ಹೋದವನನ್ನು 1779ರಲ್ಲಿ ಮತ್ತೆ ಕಳಿಸಿದರು. ಜೋಶುವಾ ರೆನಾಲ್ಡ್ಸ್ ಬಿಡಿಸಿದ ಚಿತ್ರದಲ್ಲಿ ಅವನದು ದಪ್ಪ ಮೈ, ಎದೆಗೆ ಅಡ್ಡಲಾಗಿ ಕೆಂಪು ಪಟ್ಟಿ.

ಅವನು ಮಂಗಳೂರಿಗೆ ಬರಲು ಕಾರಣ ನಮ್ಮ ತೆಂಗಿನ ಸೀಮೆಗೆ ಚೆನ್ನಾಗಿ ಗೊತ್ತಿರುವ ಹಿಂಗಾರು. ಚಿಕ್ಕನಾಯಕನಹಳ್ಳಿ, ತುರುವೇಕೆರೆ ಕಡೆಯ ಕೆರೆಗಳಿಗೆ ನೀರು ತರುವ ಆ ಮಳೆಗಾಲ ಮದರಾಸಿನ ಕಡಲಿಗೆ ಬಿರುಗಾಳಿ ತರುತ್ತದೆ. ಆಗಿನ ಮದರಾಸಿಗೆ ಬಂದರುಕಟ್ಟೆಯೇ ಇರಲಿಲ್ಲ. ಬಯಲು ಕಡಲಿನಲ್ಲೇ ಹಡಗಿಗೆ ಲಂಗರು. ಅಕ್ಟೋಬರ್ ಬಂತೆಂದರೆ ದೊಡ್ಡ ಹಡಗುಗಳು ಅಲ್ಲಿಂದ ಕಾಲು ಕೀಳಬೇಕು. ಕೆಟ್ಟ ಹಡಗನ್ನು ರಿಪೇರಿ ಮಾಡುವ ಕಟ್ಟೆ ಇದ್ದದ್ದು ಬೊಂಬಾಯಿಯಲ್ಲಿ. ಹಾಗೆ ಪಡುವಣ ಕರಾವಳಿ ಹಿಡಿದು ಹೋಗುತ್ತಿದ್ದ ಹ್ಯೂಸ್, 1780ರ ಡಿಸೆಂಬರ್ 8ರಂದು ಮಂಗಳೂರಿನ ಎದುರು ಹೈದರನ ಬಾವುಟ ಹೊತ್ತು ನಿಂತಿದ್ದ ಹಡಗುಗಳನ್ನು ಕಂಡ.

1763ರಲ್ಲಿ ಬಿದನೂರಿನೊಂದಿಗೆ ಮಂಗಳೂರು ಕೈಸೇರಿದಂದಿನಿಂದ ಹೈದರ್ ಹಡಗು ಕಟ್ಟಿಸಲು ಹಣ ಸುರಿದಿದ್ದ. 1768ರಲ್ಲಿ ಬೊಂಬಾಯಿಯ ಇಂಗ್ಲಿಷರು ಮೇಲೆ ಬಿದ್ದಾಗ ಒಮ್ಮೆ ಎಲ್ಲ ಕಳೆದುಕೊಂಡು, ಮತ್ತೆ ಮೊದಲಿಂದ ಕಟ್ಟಿದ್ದ. ಹ್ಯೂಸ್‌ನ ದೊಡ್ಡ ಹಡಗುಗಳು ದಡದ ಹತ್ತಿರ ಹೋಗುವಂತಿರಲಿಲ್ಲ. ನಾವಿಕರು ಹುಟ್ಟು ಹಾಕುವ ದೋಣಿಗಳಲ್ಲಿ ಇಳಿದು, ದಡದ ಗುಂಡಿನ ಮಳೆಗೆ ಮೈಯೊಡ್ಡಿ ನುಗ್ಗಿದರು. 28 ಮತ್ತು 26 ತೋಪುಗಳ ಎರಡು ಹಡಗು ಸುಟ್ಟುಹೋದವು. ಇನ್ನೊಂದು ಸಣ್ಣ ಹಡಗನ್ನು, ವೈರಿಗಳು ಹತ್ತುವಷ್ಟರಲ್ಲಿ, ಅದರ ಜನರೇ ಸಿಡಿಸಿಬಿಟ್ಟರು. ಆ ಹೆಸರಿಲ್ಲದ ನಾವಿಕರನ್ನು ನೆನೆದರೆ ಈಗಲೂ ಎದೆ ಬಿಗಿಯುತ್ತದೆ.

ಇನ್ನು ಮೈಸೂರಿಗೆ ಉಳಿದದ್ದು ಫ್ರೆಂಚರ ಮೇಲಿನ ನಂಬಿಕೆ. ಅವರ ಅಡ್ಮಿರಲ್ ಸಫ್ರೆನ್ ಅಪ್ಪಟ ಪ್ರತಿಭಾವಂತ. 1782ರ ಫೆಬ್ರವರಿಯಿಂದ 1783ರ ಜೂನ್‌ವರೆಗೆ ಸದ್ರಾಸ್, ಪ್ರೊವಿಡಿಯನ್, ನಾಗಪಟ್ಟಣ, ತ್ರಿಂಕೋಮಲಿ, ಕಡಲೂರು ಹೀಗೆ ಐದು ಸಲ ಹ್ಯೂಸ್‌ನ ಮೇಲೆ ಬಿದ್ದ. ಹ್ಯೂಸ್‌ನಲ್ಲಿ ಅಂಥ ಮಿಂಚಿರಲಿಲ್ಲ, ಸಾಲು ಕೆಡದಂತೆ ನಿಲ್ಲುವ ಹಟವಿತ್ತು. ಮುರಿದ ಪಟಸ್ತಂಭ ಕಟ್ಟಿಕೊಂಡು ಮತ್ತೆ ಕಡಲಿಗಿಳಿಯುತ್ತಿದ್ದ. ತ್ರಿಂಕೋಮಲಿ ಬಂದರು ಅವನ ಕೈತಪ್ಪಿತು ನಿಜ. ಆದರೆ ಐದು ಕದನಗಳಲ್ಲಿ ಒಂದು ಹಡಗನ್ನೂ ಸಫ್ರೆನ್‌ಗೆ ಸೆರೆಹಿಡಿಯಲಾಗಲಿಲ್ಲ. ಹ್ಯೂಸ್‌ನ ಪಡೆ ಸೇರಲು ಬರುತ್ತಿದ್ದ ಹ್ಯಾನಿಬಲ್ ಎಂಬ ಹಡಗು ಮೊದಲೇ ಫ್ರೆಂಚರಿಗೆ ಸಿಕ್ಕಿಬಿದ್ದಿತ್ತು. ಅದರ ನಾವಿಕರನ್ನು ಸಫ್ರೆನ್ ಹೈದರನಿಗೆ ಒಪ್ಪಿಸಿದ. ಜೇಮ್ಸ್ ಸ್ಕರಿ ಎಂಬ ಹುಡುಗ ಆ ಗುಂಪಿನವನು. ಕಡಲಲ್ಲಿ ಬೆಳೆಯಬೇಕಾದವನು ಮೈಸೂರು ಸೀಮೆಯಲ್ಲಿ ಸುಮಾರು ಹತ್ತು ವರ್ಷ ಸೆರೆಯಲ್ಲಿ ಕಳೆದ.

ಎಷ್ಟು ಬೈಲಿಗಳನ್ನು ಸೋಲಿಸಿದರೂ ಇಂಗ್ಲಿಷರು ಮುಗಿಯುವುದಿಲ್ಲ, ನೆಲದ ಮೇಲೆ ಅವರನ್ನು ಹಾಳುಮಾಡಬಲ್ಲೆ, ಸಮುದ್ರವನ್ನು ಬತ್ತಿಸಲಾರೆ ಎಂಬರ್ಥದ ಮಾತನ್ನು ಹೈದರ್ ಕೊನೆಗಾಲದಲ್ಲಿ ತನ್ನ ಅಧಿಕಾರಿ ಪೂರ್ಣಯ್ಯನ ಬಳಿ ಆಡಿದನೆಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. 1782ರ ಡಿಸೆಂಬರ್ 7ರಂದು ಹೈದರ್ ತೀರಿಕೊಂಡ. ಹ್ಯೂಸ್‌ನ ಬಾವುಟ ಹೊತ್ತ ಸೂಪರ್ಬ್ ಹಡಗು ಮರುವರ್ಷ ತಲಶ್ಶೇರಿಯ ಬಳಿ ಒಡೆದು ಮುಳುಗಿತು. ಹ್ಯೂಸ್ ಭಾರಿ ಸಂಪತ್ತಿನೊಂದಿಗೆ ಇಂಗ್ಲೆಂಡಿಗೆ ಮರಳಿ 1794ರಲ್ಲಿ ಸತ್ತ.

ಟಿಪ್ಪು ಅಪ್ಪನ ಮಾತನ್ನು ಮರೆತಿರಲಿಲ್ಲ. 1796ರಲ್ಲಿ ದೊಡ್ಡ ಯುದ್ಧನೌಕೆಗಳನ್ನು ಕಟ್ಟಲು ಅಪ್ಪಣೆ ಹೊರಡಿಸಿ, ನೌಕಾಪಡೆಗೇ ಪ್ರತ್ಯೇಕ ಅಧಿಕಾರಿಗಳನ್ನು ನೇಮಿಸಿದ. ಮೂರು ವರ್ಷದಲ್ಲಿ ಶ್ರೀರಂಗಪಟ್ಟಣ ಬಿತ್ತು. ಕರಾವಳಿ ಕಂಪನಿಯ ಪಾಲಾಗಿ, ಒಡೆಯರಿಗೆ ಮರಳಿದ ಮೈಸೂರಿಗೆ ಕಡಲೇ ಇಲ್ಲವಾಯಿತು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿಸಿದ ಉಂಡೆ ಕೊಬ್ಬರಿಯ ನಾಡಿಗೂ ಮಂಗಳೂರಿಗೂ ನಡುವೆ ಮದರಾಸು ಪ್ರಾಂತ್ಯದ ಗಡಿ ಬಂತು. ಅದು ಅಳಿಸಿದ್ದು 1956ರ ನವೆಂಬರ್ 1ರಂದು. ಹಾಸನದಿಂದ ಘಟ್ಟ ಇಳಿದು ಮಂಗಳೂರಿಗೆ ರೈಲು ಓಡಲು 1979ರವರೆಗೆ ಕಾಯಬೇಕಾಯಿತು.