ಏಳು ಹೊಡೆತಗಳ ಮುನ್ನಡೆ

ಬೈಯಪ್ಪನಹಳ್ಳಿಯ ನಮ್ಮ ಬೀದಿಯಲ್ಲಿ ಗಾಲ್ಫ್ ಆಡಿದವರು ಯಾರೂ ಇಲ್ಲ. ಹಿಂದೆ ಚಲ್ಲಘಟ್ಟದ ಕೆರೆಯಿದ್ದ ಎಡೆಯಲ್ಲಿ ಈಗ ಹರಡಿರುವ ಕರ್ನಾಟಕ ಗಾಲ್ಫ್ ಸಂಸ್ಥೆಯ ಮೈದಾನ ನಮಗೆ ದೂರವೇನೂ ಅಲ್ಲ. ಆದರೂ ಬೇಲಿಯಾಚೆಗಿನ ಆ ಆಟ ನಮ್ಮ ಪಾಲಿಗೆ ಅಗೋಚರ. ಅಂಥ ನಾನು 2023ರ ಅಕ್ಟೋಬರ್ 1ರ ಭಾನುವಾರ ಬೆಳಗ್ಗೆ ಟೆಲಿವಿಷನ್ನಿನ ಮುಂದೆ ಕುಳಿತುದಕ್ಕೆ ಕಾರಣ ಅದಿತಿ ಅಶೋಕ್. ಬೆಂಗಳೂರಿನ ಮೈದಾನಗಳಲ್ಲೇ ಆಟ ಕಲಿತು, ಹಲಸೂರಿನ ಫ್ರಾಂಕ್ ಆಂಟನಿ ಶಾಲೆಯಲ್ಲಿ ಓದಿದಾಕೆ. ನಮ್ಮ ಕಡೆಯ ಹುಡುಗಿಯೆಂಬ ಅಭಿಮಾನ.

ಚೀನಾದ ಹಾಂಗ್‌ಝೌ ನಗರದ ಏಷ್ಯನ್ ಕ್ರೀಡಾಕೂಟದಲ್ಲಿ ಅದು ಮಹಿಳೆಯರ ಗಾಲ್ಫಿನ ನಾಲ್ಕನೆಯ, ಕೊನೆಯ ದಿನ. ಈ ಆಟದಲ್ಲಿ ಕಡಿಮೆ ಹೊಡೆದವರು ಗೆದ್ದವರು. ಮೊದಲ ಮೂರು ದಿನ ಆಕೆ 67, 66, 61 ಹೊಡೆತಗಳಲ್ಲಿ ಸುತ್ತು ಮುಗಿಸಿ, ಉಳಿದೆಲ್ಲರಿಗಿಂತ ಏಳು ಹೊಡೆತ ಮುಂದಿದ್ದಳು. ಚಿನ್ನ ಕೈಸೇರಿತೆಂದೇ ನಾವು ತಿಳಿದೆವು.

ಕೈ ಅದೇ, ಕೋಲು ಅದೇ, ಹುಲ್ಲೂ ಅದೇ. ಆದರೆ ಅಂದು ಒಂದೊಂದಾಗಿ ಹೊಡೆತಗಳು ಜಾರತೊಡಗಿದವು. ಕ್ರಿಕೆಟ್ಟಿನಲ್ಲಿ ಚೆಂಡು ಹಾರಿ ಬರುತ್ತದೆ, ಯೋಚಿಸಲು ಬಿಡುವಿಲ್ಲ. ಗಾಲ್ಫಿನ ಚೆಂಡು ಸುಮ್ಮನೆ ಬಿದ್ದಿರುತ್ತದೆ, ಆಡುವವರನ್ನು ಕಾಯುತ್ತ. ಒಂದು ಹೊಡೆತಕ್ಕೂ ಮತ್ತೊಂದಕ್ಕೂ ನಡುವೆ ನಡೆಯುವ ದಾರಿ ದೀರ್ಘ. ಆ ದಾರಿಯುದ್ದಕ್ಕೂ ಮನಸ್ಸೊಂದೇ ಸಂಗಡಿಗ. ಹಿಂದಿರುವವನಿಗೆ ಗಳಿಸುವ ಆಸೆ, ಮುಂದಿರುವವನಿಗೆ ಕಳೆಯುವ ಭಯ.

ನೋಡಲಾರದೆ ನಾನು ಎದ್ದು, ರೈಲು ನಿಲ್ದಾಣದವರೆಗೆ ನಡೆದುಹೋದೆ. ಹೋಗುತ್ತಿರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ನೆನಪಾದ. ತರಗತಿಗೆಲ್ಲ ಮೊದಲಿಗನಾಗಿದ್ದವನು ಕೊನೆಯ ಪರೀಕ್ಷೆಯಲ್ಲಿ ಅರ್ಧ ಹಾಳೆ ಖಾಲಿ ಬಿಟ್ಟು ಬಂದಿದ್ದ. “ಗೊತ್ತಿದ್ದೂ ಏಕೆ ಬರೆಯಲಿಲ್ಲವೋ?” ಎಂದು ಗದರಿಸಿದ್ದೆ. ಅವನು ತಲೆತಗ್ಗಿಸಿ ನಿಂತಿದ್ದ. ಅಂದು ಕೇಳಬಾರದುದನ್ನು ಕೇಳಿದೆನೆಂಬುದು ಅರಿವಾಗಲು ನನಗೆ ಇಷ್ಟು ವರ್ಷ ಬೇಕಾಯಿತು.

ಹಿಂತಿರುಗುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಅದಿತಿಯ ಅಂದಿನ ಲೆಕ್ಕ 77. ಥಾಯ್ಲೆಂಡಿನ ಅರ್ಪಿಚಯಾ ಯುಬೊಲ್ 68ರಲ್ಲಿ ಸುತ್ತು ಮುಗಿಸಿ, ಒಟ್ಟು ಎರಡು ಹೊಡೆತಗಳ ಅಂತರದಿಂದ ಚಿನ್ನ ಗೆದ್ದಿದ್ದಳು. ಏಷ್ಯನ್ ಕೂಟದ ಗಾಲ್ಫಿನಲ್ಲಿ ಭಾರತದ ಮಹಿಳೆಯೊಬ್ಬಳಿಗೆ ದೊರೆತ ಮೊತ್ತಮೊದಲ ಪದಕವೇ ಆ ಬೆಳ್ಳಿ; ಆದರೂ ಬೀದಿಯವರ ಬಾಯಲ್ಲಿ ‘ಅಯ್ಯೋ!’ ಎಂಬ ಮಾತೊಂದೇ.

ಇದು ಆಕೆಯೊಬ್ಬಳ ಪಾಡಲ್ಲ. 2011ರಲ್ಲಿ ಅಮೆರಿಕದ ಆಗಸ್ಟಾದಲ್ಲಿ ನಡೆದ ಮಾಸ್ಟರ್ಸ್ ಪಂದ್ಯದ ಕೊನೆಯ ದಿನ, ಇಪ್ಪತ್ತೊಂದರ ರೋರಿ ಮೆಕಿಲ್ರಾಯ್ ನಾಲ್ಕು ಹೊಡೆತ ಮುಂದಿದ್ದೂ 80 ಹೊಡೆದು ಕುಸಿದ. ಎರಡು ತಿಂಗಳಲ್ಲೇ ಯು.ಎಸ್. ಓಪನ್ ಗೆದ್ದ. ಅದಿತಿಯೂ ಹಾಂಗ್‌ಝೌ ಸೋಲಿನ ಮರುತಿಂಗಳು, ನವೆಂಬರಿನಲ್ಲಿ, ಸ್ಪೇನಿನ ಓಪನ್ ಪಂದ್ಯ ಗೆದ್ದಳು.

ಆದರೆ ನನ್ನ ಮನಸ್ಸಿನಲ್ಲಿ ನಿಂತುದು ಆ ಗೆಲುವಲ್ಲ. ಗಾಲ್ಫಿನಲ್ಲಿ ಆಟ ಮುಗಿದೊಡನೆ ಆಟಗಾರರು ತಮ್ಮ ಲೆಕ್ಕದ ಚೀಟಿಯನ್ನು ತಾವೇ ಪರಿಶೀಲಿಸಿ ರುಜು ಹಾಕಿ ಒಪ್ಪಿಸಬೇಕೆಂಬ ನಿಯಮವಿದೆ. ನಾನು ಎದ್ದು ಹೋಗಬಹುದಾಗಿತ್ತು, ಹೋದೆ. ಆಕೆ ಹದಿನೆಂಟು ಕುಳಿಗಳನ್ನೂ ಮುಗಿಸಿ, ಆ ಎಪ್ಪತ್ತೇಳರ ಕೆಳಗೆ ತನ್ನ ಹೆಸರು ಬರೆದಳು.